ವೈಯಾಕರಣನ ಮನೆಯ ಭಾಷೆ

ಗಡಿಗೆ ಬೇಕಾದವನು ಕುಂಬಾರನ ಮನೆಗೆ ಹೋಗಿ ಮಾಡಿಸಿಕೊಳ್ಳುತ್ತಾನೆ. ಶಬ್ದ ಬೇಕಾದವನು ಹಾಗೆ ವೈಯಾಕರಣನ ಮನೆಗೆ ಹೋಗುವುದಿಲ್ಲವೆಂಬ ವಿಚಾರವು ಪತಂಜಲಿಯ ಮಹಾಭಾಷ್ಯದಲ್ಲಿ ಪ್ರಸಿದ್ಧವಾಗಿದೆ. ಶಬ್ದವು ಲೋಕದಲ್ಲಿ ಮೊದಲೇ ಇರುವುದು. ಶಾಸ್ತ್ರವು ಅದರ ಸಾಧುತ್ವವನ್ನು ಮಾತ್ರ ನಿರ್ಣಯಿಸುವುದು. ಈ ನ್ಯಾಯವು ಸಲ್ಲದ ಭಾಷೆಗಳೂ ಉಂಟು. ಅವುಗಳನ್ನು ಕಲಿಯುವವರು ವೈಯಾಕರಣನ ಮನೆಗೇ ಹೋಗಬೇಕು.

ಆಕ್ಸ್‌ಫರ್ಡಿನಲ್ಲಿ ಪ್ರಾಚೀನ ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದ ಜೆ. ಆರ್. ಆರ್. ಟೋಲ್ಕಿನ್ನರು (೧೮೯೨–೧೯೭೩) ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಎಂಬ ಅದ್ಭುತಕಥೆಯನ್ನು ೧೯೫೪–೫೫ರಲ್ಲಿ ಪ್ರಕಟಿಸಿದರು. ಅದರಲ್ಲಿ ಎಲ್ಫರೆಂಬ ಚಿರಜೀವಿಗಳ ಕುಲವೊಂದುಂಟು. ಅವರ ಕ್ವೆನ್ಯ, ಸಿಂಡರಿನ್ ಎಂಬ ಭಾಷೆಗಳು ಕಥೆಯ ಅಲಂಕಾರಕ್ಕಾಗಿ ಹುಟ್ಟಿದವಲ್ಲ. ಭಾಷೆಗಳಿಗೊಂದು ಲೋಕ ಬೇಕೆಂದೇ ಕಥೆ ಹುಟ್ಟಿತೆಂಬುದು ಕರ್ತೃವಿನ ಅಭಿಪ್ರಾಯ. ಮೊದಲನೆಯದಕ್ಕೆ ಫಿನ್ನಿಷ್ ಭಾಷೆಯೂ ಎರಡನೆಯದಕ್ಕೆ ವೆಲ್ಷ್ ಭಾಷೆಯೂ ಪ್ರೇರಕವಾದುವು.

ಕ್ವೆನ್ಯದ ಬಂಧವು ಮನೋಹರವಾದುದು. ‘ಕಿರ್ಯ’ ಎಂದರೆ ಹಡಗು. ‘ಕಿರ್ಯನ್ನ’ ಹಡಗಿನ ಕಡೆಗೆ, ‘ಕಿರ್ಯಸ್ಸೆ’ ಹಡಗಿನಲ್ಲಿ, ‘ಕಿರ್ಯಲ್ಲೊ’ ಹಡಗಿನಿಂದ. ದ್ವಿವಚನವೂ ಇದೆ. ಸಂಸ್ಕೃತವನ್ನು ಬಲ್ಲವನಿಗೆ ಇದು ಪರಿಚಿತರ ಮನೆಯಂತೆ ತೋರುವುದು. ದೇಶದೇಶಗಳ ತರುಣರು ಇದನ್ನು ವರ್ಷಗಟ್ಟಲೆ ಅಭ್ಯಾಸ ಮಾಡುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಅಭ್ಯಾಸವು ಎಲ್ಲಿಯವರೆಗೆ ಸಾಧ್ಯವೆಂಬುದು ವಿಚಾರ್ಯವು. ಮೊದಲ ಆವೃತ್ತಿಯಲ್ಲಿ ‘ನಮ್ಮ ಭೇಟಿಯ’ ಎಂಬರ್ಥದಲ್ಲಿದ್ದ ‘ಒಮೆಂಟಿಯೆಲ್ಮೊ’ ಎಂಬ ಪದವು, ಸುಮಾರು ಒಂದು ದಶಕದ ಬಳಿಕ ಪರಿಷ್ಕೃತವಾದ ಎರಡನೆಯ ಆವೃತ್ತಿಯಲ್ಲಿ ‘ಒಮೆಂಟಿಯೆಲ್ವೊ’ ಎಂದಾಯಿತು. ಕೇಳುವವನನ್ನು ಸೇರಿಸಿದ ‘ನಾವು’, ಬಿಟ್ಟ ‘ನಾವು’ ಎಂಬ ಭೇದವನ್ನು ಕರ್ತೃವು ಬೇರೆ ರೀತಿಯಲ್ಲಿ ವ್ಯವಸ್ಥೆಗೊಳಿಸಿದುದೇ ಕಾರಣ. ತೆಲುಗಿನ ‘ಮನಮು’, ‘ಮೇಮು’ ಎಂಬ ಭೇದವೂ ಇಂತಹುದೇ. ಅದನ್ನು ಯಾವ ಒಬ್ಬ ಪಂಡಿತನೂ ಲೇಖನಿಯ ಒಂದು ಗೆರೆಯಿಂದ ತಿದ್ದಲಾರನು. ಇಲ್ಲಿಯಾದರೋ ನಿನ್ನೆಯ ಸಾಧುಶಬ್ದವು ಇಂದು ಅಪಶಬ್ದವು.

ಟೋಲ್ಕಿನ್ನರು ಸಂಪೂರ್ಣವಾದ ವ್ಯಾಕರಣವನ್ನು ಪ್ರಕಟಿಸದೆಯೇ ತೀರಿಕೊಂಡರು. ೧೯೩೦ರ ದಶಕದಲ್ಲಿ ಬರೆದಿದ್ದ ಅವರ ಧಾತುಕೋಶವು ೧೯೮೭ರಲ್ಲಿ ಅಚ್ಚಾಯಿತು. ಈಗಿನ ಅಭ್ಯಾಸಿಗಳು ಆ ಕೋಶದ ಪ್ರಕೃತಿಗೆ ೧೯೬೦ರ ದಶಕದ ಪ್ರತ್ಯಯವನ್ನು ಹಚ್ಚಿ ವಾಕ್ಯಗಳನ್ನು ಕಟ್ಟುತ್ತಾರೆ. ಅದು ಟೋಲ್ಕಿನ್ನರ ಭಾಷೆಯಲ್ಲ. ಅವರಲ್ಲಿ ಪ್ರಾಮಾಣಿಕರು ಅದನ್ನು ‘ನವ ಕ್ವೆನ್ಯ’ವೆಂದು ಬೇರೆಯಾಗಿ ಕರೆದಿರುವುದು ಯುಕ್ತವೇ ಆಗಿದೆ.

ಸಂಸ್ಕೃತವನ್ನೂ ಇಂದು ಬಹುಮಂದಿ ಗ್ರಂಥದಿಂದಲೇ ಕಲಿಯುವರಲ್ಲವೇ ಎಂದು ಆಕ್ಷೇಪಿಸಬಹುದು. ಆದರೆ ಪಾಣಿನಿಯು ಪೂರ್ವದವರ ಪ್ರಯೋಗವನ್ನೂ ಉತ್ತರದವರ ಪ್ರಯೋಗವನ್ನೂ ಬೇರೆಬೇರೆಯಾಗಿ ಹೇಳಿದ್ದಾನೆ. ಸೂತ್ರಗಳ ಹಿಂದೆ ಆಡುವ ಜನರಿದ್ದರು. ಕ್ವೆನ್ಯಕ್ಕೆ ಇದ್ದ ಶಿಷ್ಟನು ಒಬ್ಬನೇ, ಅವನೂ ಮನಸ್ಸನ್ನು ಬದಲಾಯಿಸುತ್ತಲೇ ಇದ್ದವನು.

ಹಾಗಾದರೆ ಈ ಶ್ರಮವು ವ್ಯರ್ಥವೋ? ಅಲ್ಲ. ಆ ಕಥೆಯೊಳಗಿನ ‘ನಮಾರಿಯೆ’ ಎಂಬ ವಿದಾಯಗೀತೆಯನ್ನು ವಿಭಕ್ತಿ ಬಿಡಿಸಿ ಮೂಲದಲ್ಲೇ ಓದುವವನಿಗೆ, ಅನುವಾದವನ್ನು ಮಾತ್ರ ಓದುವವನಿಗೆ ದೊರೆಯದ ನಾದವೂ ಅರ್ಥವೂ ದೊರೆಯುವುವು. ಪ್ರತ್ಯಯವೊಂದು ಅರ್ಥವನ್ನು ಹೇಗೆ ಹೊರುವುದೆಂಬ ತಿಳಿವು ತನ್ನ ಮಾತೃಭಾಷೆಗೂ ಒದಗುವುದು. ಓದುವವನು ವಿದ್ಯಾರ್ಥಿ. ಹೊಸ ವಾಕ್ಯವನ್ನು ಕಟ್ಟುವವನಾದರೋ ತಾನೇ ಕುಂಬಾರನು. ಗಡಿಗೆ ಸೋರಿದರೆ ಟೋಲ್ಕಿನ್ನರನ್ನು ದೂರಬಾರದು, ಗಟ್ಟಿಯಾಗಿದ್ದರೆ ಅವರ ಮುದ್ರೆಯನ್ನು ಒತ್ತಲೂ ಬಾರದು.