ಕಾಲದ ಕಾಲಮ್ಮಿನಿಂದ ಅಂಕಿ ಕೀಳುವ ಮುನ್ನ

ಶಾಸನಗಳ ಪಟ್ಟಿಯನ್ನು ಡೇಟಾಬೇಸಿಗೆ ಹಾಕುವ ಕೆಲಸವನ್ನು ಈಗ ಹಲವರು ಮಾಡ್ತಿದ್ದಾರೆ, ಒಳ್ಳೆಯದೇ. ಆದರೆ ‘ಕಾಲ’ ಎಂಬ ಪಠ್ಯದ ಕಾಲಮ್ಮಿನಿಂದ ವರ್ಷ ಹೊರತೆಗೆಯುವ ಕ್ವೆರಿಗಳ ಬಗ್ಗೆ ನನ್ನ ತಕರಾರಿದೆ. ಸಾಮಾನ್ಯವಾಗಿ ಕಾಣುವುದು ಇಷ್ಟು: ಅಂಕಿಯಲ್ಲದ್ದನ್ನೆಲ್ಲ ಅಳಿಸು, ಉಳಿದದ್ದನ್ನು ಪೂರ್ಣಾಂಕ ಮಾಡು.

ಐಹೊಳೆಯ ರವಿಕೀರ್ತಿ ಶಾಸನವನ್ನೇ ತಗೊಳ್ಳಿ. ಕಾಲಮ್ಮಿನಲ್ಲಿ ‘ಶಕ 556, ಭಾರತ ಯುದ್ಧದಿಂದ 3735’ ಅಂತಿದ್ದರೆ ಸಿಗುವ ವರ್ಷ 5563735. ಇದು ಕಣ್ಣಿಗೆ ಬೀಳುತ್ತೆ, ಬಿಡಿ. ಬೀಳದೇ ಇರುವ ತಪ್ಪುಗಳದ್ದೇ ಅಪಾಯ. ‘ಶಕ ೧೦೩೯’ ಎಂದು ಕನ್ನಡ ಅಂಕಿಯಲ್ಲಿದ್ದರೆ [0-9]+ ಗೆ ಏನೂ ಸಿಗಲ್ಲ. ಮೈಎಸ್‌ಕ್ಯುಎಲ್‌ನಲ್ಲಿ ‘ಶಕ’ ಎಂದು ಶುರುವಾಗುವ ಪಠ್ಯವನ್ನು ನೇರ ಕಾಸ್ಟ್ ಮಾಡಿದರೆ ಸೊನ್ನೆ ಬರುತ್ತೆ, ಜೊತೆಗೆ ಬರುವ ಎಚ್ಚರಿಕೆಯನ್ನು ಓದುವವರು ಕಡಿಮೆ. ಅಂಕಿ ಸರಿಯಾಗಿ ಬಂದರೂ, ರವಿಕೀರ್ತಿ ಹೇಳಿರುವುದು 556 ವರ್ಷ ‘ಕಳೆದ’ ಮೇಲೆ, ಅಂದರೆ ಕ್ರಿ.ಶ. 634-35. ಆ ಪದ ಅಳಿಸಿಹೋಯ್ತೋ, ಮುಂದೆ ಬರುವವರು ಇದನ್ನು ನಡೆಯುತ್ತಿರುವ ವರ್ಷವೆಂದು ಹಿಡಿದು ಒಂದು ವರ್ಷ ಹಿಂದಕ್ಕೆ ತಳ್ಳಬಹುದು.

ನನಗೆ ಹೆಚ್ಚು ಬೇಸರ ತರಿಸುವುದು ಇನ್ನೊಂದು. ನಾವು ಕಸವೆಂದು ಅಳಿಸುವ ಪಠ್ಯದಲ್ಲೇ ತಾಳೆ ನೋಡುವ ಸಾಧನ ಇದೆ. 3735ರಲ್ಲಿ 556 ಕಳೆದರೆ 3179. ಕಲಿ-ಶಕಗಳ ನಡುವಿನ ಅಂತರ ಕರಾರುವಾಕ್ಕಾಗಿ ಅಷ್ಟೇ. ಬೇಲೂರಿನ ವಿಷ್ಣುವರ್ಧನನ ಶಾಸನದಲ್ಲಿ ಶಕ 1039ರ ಜೊತೆ ಹೇವಿಳಂಬಿ ಸಂವತ್ಸರ ಇದೆ. ಕಳೆದ ಶಕಕ್ಕೆ 11 ಕೂಡಿ, 60ರಿಂದ ಭಾಗಿಸಿ, ಶೇಷಕ್ಕೆ ಒಂದು ಸೇರಿಸಿ: 1050, ಶೇಷ 30, ಉತ್ತರ 31. ಪ್ರಭವದಿಂದ ಎಣಿಸಿದರೆ 31ನೆಯದು ಹೇವಿಳಂಬಿಯೇ! ಟೈಪ್ ಮಾಡುವವರು 1036 ಅಂತ ಹಾಕಿದ್ದರೆ 28ನೆಯ ಜಯ ಬಂದು ಅಲ್ಲೇ ಸಿಕ್ಕಿಬೀಳುತ್ತಿತ್ತು. ವ್ಯತ್ಯಾಸ ಒಂದೇ ಆದರೆ ಗತ-ವರ್ತಮಾನದ ಗೊಂದಲ ಇರಬಹುದು, ತೆಗೆದು ನೋಡಬೇಕು. (ತೀರ ಹಳೆಯ ಶಾಸನಗಳಿಗೆ ಈ ಲೆಕ್ಕ ಕಣ್ಣುಮುಚ್ಚಿ ಹಾಕಬೇಡಿ.)

ಹಾಗಾಗಿ ಮೂಲ ಕಾಲಮ್ಮನ್ನು ಮುಟ್ಟಬೇಡಿ. ಪಕ್ಕದಲ್ಲಿ ಅಂಕಿ, ಗಣನೆ, ಗತವೋ ವರ್ತಮಾನವೋ, ಸಂವತ್ಸರ ಅಂತ ನಾಲ್ಕು ಕಾಲಮ್ ಮಾಡಿ. ಕನ್ನಡ ಅಂಕಿಗಳನ್ನು ಮೊದಲು ಬದಲಿಸಿಕೊಂಡು, ‘ಶಕ’ ಎಂಬ ಪದದ ಬೆನ್ನಿಗಿರುವ ಅಂಕಿಯನ್ನಷ್ಟೇ ಹಿಡಿಯಿರಿ. ಶರ, ವೇದ, ಗಗನ ಅಂತ ಪದಗಳಲ್ಲೇ ವರ್ಷ ಹೇಳಿರುವ ಸಾಲುಗಳು ಹೇಗೂ ಕ್ವೆರಿಗೆ ಸಿಗಲ್ಲ. ಅವುಗಳ ಜಾಗ ನಲ್ ಆಗಿಯೇ ಇರಲಿ, ಸೊನ್ನೆ ಬೇಡ. ಕೂತು ಓದುವವರಿಗೆ ಯಾವ ಸಾಲು ಬಾಕಿ ಇದೆ ಅಂತಲಾದರೂ ಗೊತ್ತಾಗುತ್ತೆ.