ಬೆರಳಿಗೆ ಬೆರಳೇ ತಾಗಬೇಕು

ಎಂಟು ಸೆಂಟಿಮೀಟರ್ ಉದ್ದ, ಮೂರು ಸೆಂಟಿಮೀಟರ್ ಅಗಲ, ಮೇಲೊಂದು ಕಪ್ಪು ಗಾಜು, ಅದರಡಿ ಎರಡು ಕ್ಯಾಮೆರಾ ಮತ್ತು ಮೂರು ಇನ್‌ಫ್ರಾರೆಡ್ ದೀಪ. 2013ರ ಜುಲೈನಲ್ಲಿ ಮಾರುಕಟ್ಟೆಗೆ ಬಂದ ಲೀಪ್ ಮೋಷನ್ ಸಾಧನ ಎಂದರೆ ಇಷ್ಟೇ. ಬೆಲೆ ಸುಮಾರು 80 ಡಾಲರ್. ಕೀಬೋರ್ಡಿನ ಮುಂದೆ ಇಟ್ಟು, ಯುಎಸ್‌ಬಿ ತಂತಿ ಚುಚ್ಚಿ, ಅದರ ಮೇಲೆ ಒಂದು ಗೇಣು ಎತ್ತರದಲ್ಲಿ ಕೈ ಚಾಚಿದರೆ ಪರದೆಯ ಮೇಲೆ ಹತ್ತೂ ಬೆರಳುಗಳ ಗೆರೆಚಿತ್ರ ಮೂಡುತ್ತಿತ್ತು. ನೀವು ಕಿರುಬೆರಳು ಮಡಿಸಿದರೆ ಅದೂ ಮಡಿಸುತ್ತಿತ್ತು. ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಚಲನೆಯನ್ನೂ ಹಿಡಿಯುತ್ತದೆ ಎಂದು ಕಂಪನಿ ಹೇಳಿತು. ಮೌಸಿನ ಕಾಲ ಮುಗಿಯಿತು ಎಂದು ಪತ್ರಿಕೆಗಳು ಬರೆದವು. ಎಚ್‌ಪಿ ಕಂಪನಿ ಅದೇ ವರ್ಷ ಅದನ್ನು ಒಂದು ಲ್ಯಾಪ್‌ಟಾಪಿನ ಒಳಗೇ ಕೂರಿಸಿತು. ಆರು ವರ್ಷ ಕಳೆಯುವಷ್ಟರಲ್ಲಿ ಲೀಪ್ ಮೋಷನ್ ಕಂಪನಿ ಮತ್ತೊಬ್ಬರ ಪಾಲಾಯಿತು. ಮೌಸ್ ಇದ್ದಲ್ಲೇ ಇದೆ.

ಇಷ್ಟು ಚೆನ್ನಾಗಿ ಕಾಣಬಲ್ಲ ಸಾಧನ ಯಾಕೆ ಸೋತಿತು? ಬೆರಳಿನ ಜಾಡು ಹಿಡಿಯುವ ತಂತ್ರಜ್ಞಾನವನ್ನು ಬೆಲೆಕಟ್ಟುವವರೆಲ್ಲ ಮೊದಲು ಎದುರಿಸಬೇಕಾದ ಪ್ರಶ್ನೆ ಇದು. ನನ್ನ ಉತ್ತರ ನೇರವಾಗಿದೆ. ಈ ವಿದ್ಯೆ ಬೆರಳನ್ನು ಬರೀ ಕಾಣುವ ವಸ್ತುವಾಗಿ ನೋಡಿತು. ಬೆರಳು ಮುಟ್ಟುವ ಅಂಗ ಎಂಬುದನ್ನು ಬಹಳ ಕಾಲ ಮರೆತಿತ್ತು.

ಅಳತೆಯಲ್ಲಿ ಲೀಪ್ ಮೋಷನ್ ಕಳಪೆಯೇನಲ್ಲ. ಜರ್ಮನಿಯ ಸಂಶೋಧಕರು 2013ರಲ್ಲೇ ಕಾರ್ಖಾನೆಯ ರೋಬಾಟ್ ತೋಳಿಗೆ ಪೆನ್ನು ಹಿಡಿಸಿ ಅದನ್ನು ಪರೀಕ್ಷೆ ಮಾಡಿದರು. ನಿಶ್ಚಲವಾಗಿದ್ದ ತುದಿಯನ್ನು ಗುರುತಿಸುವುದರಲ್ಲಿ ಆದ ವ್ಯತ್ಯಾಸ 0.2 ಮಿಲಿಮೀಟರಿಗಿಂತ ಕಡಿಮೆ. ಚಲಿಸುತ್ತಿದ್ದಾಗ ಸರಾಸರಿ 1.2 ಮಿಲಿಮೀಟರ್. ಜಾಹೀರಾತಿನ ಮಾತಿಗೆ ಇದು ಹತ್ತಿರವೂ ಇಲ್ಲ, ಆದರೆ ದಿನನಿತ್ಯದ ಕೆಲಸಕ್ಕೆ ಧಾರಾಳ ಸಾಕು. ರೋಬಾಟಿಗೆ ತೋಳು ನೋಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಮನುಷ್ಯನ ಕೈಗೆ ಏನಾಗುತ್ತದೆ ನೋಡಿ. ಪರದೆಯ ಮೇಲೊಂದು ಗುಂಡಿ ಇದೆ, ಅದನ್ನು ಗಾಳಿಯಲ್ಲಿ ಒತ್ತಬೇಕು. ತೋರುಬೆರಳು ಮುಂದೆ ಹೋಗುತ್ತದೆ. ಎಲ್ಲಿ ನಿಲ್ಲಬೇಕು? ತಡೆಯುವುದಕ್ಕೆ ಏನೂ ಇಲ್ಲ. ಒತ್ತಿದ್ದು ಸಾಕಾಯಿತೋ ಇಲ್ಲವೋ ಎಂದು ತಿಳಿಯಲು ಕಣ್ಣು ಪರದೆಗೇ ಅಂಟಿಕೊಂಡಿರಬೇಕು. ಒತ್ತುವ ರಭಸದಲ್ಲಿ ಬೆರಳು ಕೂದಲೆಳೆಯಷ್ಟು ಕೆಳಗೆ ಜಾರಿ ಪಕ್ಕದ ಗುಂಡಿ ಒತ್ತಿಬಿಡುತ್ತದೆ. ಇನ್ನೊಮ್ಮೆ ಒತ್ತಲು ಹೋಗುವಷ್ಟರಲ್ಲಿ ಭುಜ ಬಿಗಿದಿರುತ್ತದೆ. ಮೊಣಕೈಗೆ ಆಸರೆ ಇಲ್ಲದೆ ತೋಳು ಎತ್ತಿ ಹಿಡಿದರೆ ಕೆಲವೇ ನಿಮಿಷಗಳಲ್ಲಿ ಸೋಲುತ್ತದೆ. ಈ ಕಸುಬಿನವರು ಇದಕ್ಕೆ ‘ಗೊರಿಲ್ಲಾ ತೋಳು’ ಎಂದು ಹೆಸರಿಟ್ಟು ದಶಕಗಳಾದವು. 2014ರಲ್ಲಿ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಸಂಶೋಧಕರು ಈ ದಣಿವನ್ನು ಅಂಕಿಯಲ್ಲಿ ಅಳೆಯುವ ಕ್ರಮವನ್ನೂ ರೂಪಿಸಿಕೊಟ್ಟರು. ಕಾಯಿಲೆ ಗೊತ್ತಿತ್ತು, ಅಳತೆಯೂ ಇತ್ತು. ಆದರೂ ಪ್ರದರ್ಶನಗಳಲ್ಲಿ ಕೈ ಮೇಲೆತ್ತಿ ಬೀಸುವುದೇ ಮುಂದುವರಿಯಿತು.

ಅದಕ್ಕೆ ಸಿನಿಮಾ ಒಂದು ಕಾರಣ. 2002ರ ‘ಮೈನಾರಿಟಿ ರಿಪೋರ್ಟ್’ ಚಿತ್ರದಲ್ಲಿ ಟಾಮ್ ಕ್ರೂಸ್ ಕೈಗವಸು ತೊಟ್ಟು, ಗಾಜಿನಂಥ ಪರದೆಯ ಮುಂದೆ ನಿಂತು ಚಿತ್ರಗಳನ್ನು ಅತ್ತಿತ್ತ ಸರಿಸುವ ದೃಶ್ಯ ಇಡೀ ಒಂದು ಪೀಳಿಗೆಯ ಎಂಜಿನಿಯರುಗಳ ಕಣ್ಣಲ್ಲಿ ಕೂತುಬಿಟ್ಟಿತು. ಆ ದೃಶ್ಯ ರೂಪಿಸಲು ನೆರವಾದ ಜಾನ್ ಅಂಡರ್‌ಕಾಫ್ಲರ್ ಎಂಐಟಿಯಲ್ಲಿ ನಿಜವಾಗಿ ಸಂಶೋಧನೆ ಮಾಡಿದವರೇ. ಅದು ದೂರದಿಂದ ನೋಡುವವರಿಗೆ ಸೊಗಸು. ಕ್ಯಾಮೆರಾಕ್ಕೆ ಕಾಣಲೆಂದು ಮಾಡಿದ ಅಂಗಚಲನೆಯನ್ನು ದಿನಕ್ಕೆ ಎಂಟು ಗಂಟೆ ಕಚೇರಿಯಲ್ಲಿ ಮಾಡಬಹುದೇ ಎಂದು ಕೇಳಬೇಕಾಗಿತ್ತು, ಕೇಳಲಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. ಮೌಸಿನ ಮೇಲೆ ಕೈ ಇಟ್ಟಾಗ ಕೆಲಸ ಶುರು, ತೆಗೆದಾಗ ಮುಗಿಯಿತು. ಗಾಳಿಯಲ್ಲಿ ಹಾಗಿಲ್ಲ. ನಾವು ಮೂಗು ತುರಿಸಿಕೊಳ್ಳುತ್ತೇವೆ, ಪಕ್ಕದವರೊಂದಿಗೆ ಕೈಬೀಸಿ ಮಾತಾಡುತ್ತೇವೆ, ಕಾಫಿ ಲೋಟ ಎತ್ತುತ್ತೇವೆ. ಇದರಲ್ಲಿ ಆಜ್ಞೆ ಯಾವುದು, ಸುಮ್ಮನೆ ಆಡಿದ ಕೈ ಯಾವುದು? ಎಷ್ಟೇ ಸೂಕ್ಷ್ಮವಾಗಿ ನೋಡುವ ಕ್ಯಾಮೆರಾಕ್ಕೂ ಇದು ಹೊಳೆಯುವುದಿಲ್ಲ, ಯಾಕೆಂದರೆ ಉತ್ತರ ಚಿತ್ರದಲ್ಲಿಲ್ಲ, ಕೈಯ ಒಡೆಯನ ಮನಸ್ಸಿನಲ್ಲಿದೆ.

ಕೈಗವಸಿನ ಕಾಲದಲ್ಲಿ ಈ ಗೊಂದಲ ಇಷ್ಟಿರಲಿಲ್ಲ. 1977ರಲ್ಲಿ ಷಿಕಾಗೊದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ತಯಾರಾದ ಸೇರ್ ಗ್ಲೌವಿನ ಬೆರಳುಗಳ ಉದ್ದಕ್ಕೂ ಬಾಗುವ ಕೊಳವೆಗಳಿದ್ದವು. ಒಂದು ತುದಿಯಲ್ಲಿ ಪುಟ್ಟ ದೀಪ, ಇನ್ನೊಂದು ತುದಿಯಲ್ಲಿ ಬೆಳಕು ಅಳೆಯುವ ಫೋಟೊಸೆಲ್. ಬೆರಳು ಮಡಿಸಿದಷ್ಟೂ ಬೆಳಕು ಕಡಿಮೆ. ಎಷ್ಟು ಸರಳ, ಎಷ್ಟು ಜಾಣ ಉಪಾಯ! ಗಾಳಿಯಲ್ಲಿ ಗಿಟಾರ್ ನುಡಿಸುವ ಆಸೆಯಿಂದ ಥಾಮಸ್ ಝಿಮ್ಮರ್‌ಮನ್ ಬೇರೊಂದು ಗವಸು ಮಾಡಿದರು. ಅವರೂ ಜೇರನ್ ಲೇನಿಯರ್ ಅವರೂ ಸೇರಿ ಬೆಳೆಸಿದ ಡೇಟಾಗ್ಲೌ 1980ರ ದಶಕದ ವರ್ಚುವಲ್ ರಿಯಾಲಿಟಿಯ ಗುರುತೇ ಆಯಿತು. ಅದರ ಅಗ್ಗದ ರೂಪವಾಗಿ 1989ರಲ್ಲಿ ನಿಂಟೆಂಡೊ ಆಟಗಳಿಗೆಂದು ಪವರ್ ಗ್ಲೌ ಬಂತು, ಹೆಚ್ಚು ದಿನ ಉಳಿಯಲಿಲ್ಲ. ಗವಸು ತೊಟ್ಟರೆ ಕೆಲಸ, ಕಳಚಿದರೆ ಬಿಡುವು. ಆದರೆ ಬೆವರುವ ಕೈಗೆ ತಂತಿಗಳ ಗವಸು ತೊಟ್ಟು ಕೂರುವವರು ಎಷ್ಟು ಮಂದಿ?

ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ನಿಜವಾದ ತಿರುವು 2006ರದು. ಅದರ ಬಗ್ಗೆ ಯಾರೂ ಸಿನಿಮಾ ಮಾಡಲಿಲ್ಲ. ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗದ ಆಂಡ್ರ್ಯೂ ವಿಲ್ಸನ್ ಕೀಬೋರ್ಡಿನ ಮೇಲಿಂದ ಕೆಳಕ್ಕೆ ನೋಡುವ ಒಂದು ಸಾಧಾರಣ ಕ್ಯಾಮೆರಾ ಇಟ್ಟರು. ಬೆರಳುಗಳನ್ನು ಒಂದೊಂದಾಗಿ ಗುರುತಿಸುವ ಗೋಜಿಗೇ ಹೋಗಲಿಲ್ಲ. ಉಪ್ಪು ಚಿಟಿಕೆ ಹಿಡಿದಂತೆ ಹೆಬ್ಬೆರಳು ತೋರುಬೆರಳು ಕೂಡಿದಾಗ ಅವುಗಳ ನಡುವೆ ಒಂದು ರಂಧ್ರ ಆಗುತ್ತದಲ್ಲ, ಅದನ್ನು ಮಾತ್ರ ಹುಡುಕಿದರು. ರಂಧ್ರ ಕಂಡಿತೆಂದರೆ ಹಿಡಿತ, ಮಾಯವಾಯಿತೆಂದರೆ ಬಿಡುವು. ಶುರು ಯಾವಾಗ, ಮುಗಿಯುವುದು ಯಾವಾಗ ಎಂಬ ಪ್ರಶ್ನೆಗೆ ಬರಿಗೈಗೇ ಸಿಕ್ಕ ಸ್ವಚ್ಛವಾದ ಉತ್ತರ ಇದು. ಜೊತೆಗೆ, ಹೆಬ್ಬೆರಳು ತೋರುಬೆರಳಿಗೆ ತಾಗಿದ್ದು ಕ್ಯಾಮೆರಾಕ್ಕಿಂತ ಮೊದಲು ನಮಗೇ ತಿಳಿಯುತ್ತದೆ. ಗಾಳಿಯಲ್ಲಿ ಇಲ್ಲದ ಗುಂಡಿ ನಮ್ಮದೇ ಚರ್ಮದಲ್ಲಿ ಸಿಕ್ಕಿತು.

2024ರ ಫೆಬ್ರವರಿಯಲ್ಲಿ ಮಾರಾಟಕ್ಕೆ ಬಂದ ಆಪಲ್ ವಿಷನ್ ಪ್ರೊ ನಿಂತಿರುವುದು ಈ ವಿಚಾರದ ಮೇಲೆಯೇ. ಕಣ್ಣಿನಿಂದ ನೋಡಿ ಆರಿಸು, ಎರಡು ಬೆರಳು ಕೂಡಿಸಿ ಒಪ್ಪಿಗೆ ಕೊಡು. ಕೆಳಮುಖವಾಗಿಯೂ ಕ್ಯಾಮೆರಾಗಳಿರುವುದರಿಂದ ಕೈ ತೊಡೆಯ ಮೇಲೆಯೇ ಇರಬಹುದು. ತೋಳಿನ ದಣಿವು ಇಲ್ಲಿ ಬಹುಮಟ್ಟಿಗೆ ತೀರಿತು, ಈ ಮಟ್ಟಿಗೆ ಆಪಲ್ ಮಾಡಿದ್ದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಕೈಯ ಹೊರೆ ಕಣ್ಣಿನ ಮೇಲೆ ಬಿತ್ತು. ಕಣ್ಣು ಅಲೆಯುವ ಅಂಗ. ಒಂದು ಕೆಲಸ ನಡೆಯುತ್ತಿರುವಾಗಲೇ ಮುಂದಿನದನ್ನು ಹುಡುಕಿಕೊಂಡು ಹೋಗಿರುತ್ತದೆ. ಅದನ್ನು ಒಪ್ಪಿಗೆ ಬೀಳುವ ತನಕ ಒಂದೇ ಕಡೆ ನೆಟ್ಟಿರು ಎನ್ನುವುದು ಅದರ ಸ್ವಭಾವಕ್ಕೆ ಒಗ್ಗದ ಮಾತು. ಇಷ್ಟಕ್ಕೆಲ್ಲ 3,499 ಡಾಲರ್ ತೆರಬೇಕು.

ಹೆಬ್ಬೆರಳಿನ ಶಕ್ತಿ ಏನೆಂದು ನಮ್ಮ ಮನೆಗಳಲ್ಲಿ ಎಂದಿನಿಂದಲೂ ಗೊತ್ತಿದೆ. ಹಬ್ಬಕ್ಕೆ ಎಷ್ಟು ದಿನ ಉಳಿಯಿತು ಎಂದು ಅಜ್ಜಿಯನ್ನು ಕೇಳಿ ನೋಡಿ. ಹೆಬ್ಬೆರಳು ಕಿರುಬೆರಳಿನ ಬುಡದ ಗೆಣ್ಣಿಗೆ ಹೋಗುತ್ತದೆ, ಅಲ್ಲಿಂದ ಮೇಲೇರಿ, ಪಕ್ಕದ ಬೆರಳಿಗೆ ದಾಟಿ ಎಣಿಸುತ್ತ ಹೋಗುತ್ತದೆ. ನಾಲ್ಕು ಬೆರಳಿಗೆ ಮೂರು ಮೂರರಂತೆ ಹನ್ನೆರಡು ಮನೆ. ಕಣ್ಣು ಒಲೆಯ ಮೇಲಿನ ಹಾಲಿನ ಕಡೆ, ಬಾಯಲ್ಲಿ ಬೇರೆ ಮಾತು, ಕೈ ಸೆರಗಿನ ಮರೆಯಲ್ಲಿ; ಆದರೂ ಲೆಕ್ಕ ತಪ್ಪುವುದಿಲ್ಲ. ಎಣಿಸುವ ಬೆರಳಿಗೂ ಎಣಿಸಿಕೊಳ್ಳುವ ಬೆರಳಿಗೂ ಎರಡಕ್ಕೂ ಸ್ಪರ್ಶ ತಿಳಿಯುತ್ತದೆ, ಅದಕ್ಕೆ. ಕಂಪ್ಯೂಟರಿಗೆ ಆಜ್ಞೆ ಕೊಡಲು ಇದಕ್ಕಿಂತ ಒಳ್ಳೆಯ ಕೀಲಿಮಣೆ ಬೇಕೇ? ಕ್ಯಾಮೆರಾ ಸೋಲುವುದೂ ಇಲ್ಲಿಯೇ: ಕೈಯ ಹಿಂಭಾಗ ಅದರ ಕಡೆಗಿದ್ದರೆ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಾಡುವುದು ಅದಕ್ಕೆ ಕಾಣುವುದೇ ಇಲ್ಲ.

ಗೂಗಲ್‌ನ ಸೋಲಿ ಯೋಜನೆ ಈ ಗುಟ್ಟಿಗೆ ಬಹಳ ಹತ್ತಿರ ಬಂದಿತ್ತು. 60 ಗಿಗಾಹರ್ಟ್ಸ್ ರಾಡಾರನ್ನು ಒಂದು ಪುಟ್ಟ ಚಿಪ್ಪಿಗೆ ಇಳಿಸಿ 2015ರಲ್ಲಿ ತೋರಿಸಿದಾಗ ಅವರು ಮಾಡಿದ್ದು ಬೀಸು ಸನ್ನೆಯನ್ನಲ್ಲ. ತೋರುಬೆರಳಿನ ಮೇಲೆ ಹೆಬ್ಬೆರಳನ್ನು ಉಜ್ಜಿದರೆ ತಿರುಗಣೆ, ಒಂದಕ್ಕೊಂದು ಒತ್ತಿದರೆ ಗುಂಡಿ. ಆ ಪ್ರದರ್ಶನದ ಹಿಂದಿನ ಯೋಚನೆ ಇಂದಿಗೂ ನನಗೆ ಈ ಕ್ಷೇತ್ರದ ಅತ್ಯುತ್ತಮ ವಿಚಾರಗಳಲ್ಲಿ ಒಂದಾಗಿ ಕಾಣುತ್ತದೆ. 2019ರ ಅಕ್ಟೋಬರಿನಲ್ಲಿ ಪಿಕ್ಸೆಲ್ 4 ಫೋನಿನೊಳಗೆ ಅದು ಬಂದಾಗ ಬೆರಳಿನ ಆ ಕುಸುರಿಯೆಲ್ಲ ಹೋಗಿ, ಫೋನಿನ ಮೇಲೆ ಕೈಬೀಸಿ ಹಾಡು ಬದಲಿಸುವುದು, ಅಲಾರಂ ಸುಮ್ಮನಾಗಿಸುವುದು ಇಷ್ಟೇ ಉಳಿದಿತ್ತು. ಭಾರತದಲ್ಲಿ ಆ ತರಂಗಾಂತರ ಬಳಸಲು ಅನುಮತಿ ಇರಲಿಲ್ಲವಾದ್ದರಿಂದ ಆ ಫೋನ್ ನಮ್ಮಲ್ಲಿ ಮಾರಾಟಕ್ಕೇ ಬರಲಿಲ್ಲ. ಮುಂದಿನ ವರ್ಷದ ಪಿಕ್ಸೆಲ್‌ನಲ್ಲಿ ರಾಡಾರನ್ನೇ ಕೈಬಿಟ್ಟರು.

ಈಗ ಮಣಿಕಟ್ಟಿನ ಪಟ್ಟಿಯ ಸರದಿ. ಬೆರಳನ್ನು ಆಡಿಸುವ ಸ್ನಾಯುಗಳಲ್ಲಿ ದೊಡ್ಡವು ಇರುವುದು ಬೆರಳಿನಲ್ಲಲ್ಲ, ಮೊಣಕೈ ಮಣಿಕಟ್ಟುಗಳ ನಡುವೆ. ಅಲ್ಲಿ ಹರಿಯುವ ವಿದ್ಯುತ್ ಸಂಕೇತವನ್ನು ಚರ್ಮದ ಮೇಲಿಂದಲೇ ಓದಿದರೆ ಬೆರಳು ಕಾಣಬೇಕೆಂದೇ ಇಲ್ಲ. ಕೈ ಜೇಬಿನಲ್ಲಿದ್ದರೂ ಸರಿ. ಈ ವಿದ್ಯೆಯಲ್ಲಿ ತೊಡಗಿದ್ದ ಕಂಟ್ರೋಲ್ ಲ್ಯಾಬ್ಸನ್ನು ಫೇಸ್‌ಬುಕ್ 2019ರಲ್ಲಿ ಕೊಂಡಿತು. 2025ರಲ್ಲಿ ಅದೇ ಕಂಪನಿ, ಈಗಿನ ಮೆಟಾ, ತನ್ನ ಪರದೆಯುಳ್ಳ ಕನ್ನಡಕದ ಜೊತೆ ಅಂಥ ಪಟ್ಟಿಯನ್ನು ಮಾರುಕಟ್ಟೆಗೆ ತಂದಿತು. ಹೆಬ್ಬೆರಳನ್ನು ತೋರುಬೆರಳಿನ ಮೇಲೆ ಜಾರಿಸಿದರೆ ಪಟ್ಟಿ ಅದನ್ನು ಓದುತ್ತದೆ. ವಿಚಾರ ಸರಿಯಾದ ದಾರಿಗೆ ಬಂದಿದೆ ಎಂದೇ ನನ್ನ ತೀರ್ಮಾನ. ಆದರೆ ಸ್ನಾಯುವಿನ ಸಂಕೇತ ಎಂದರೆ ದೇಹದ ಒಳಗಿನ ಮಾತು. ಅದು ಜಾಹೀರಾತು ಮಾರಿ ಬದುಕುವ ಕಂಪನಿಯ ಕೈ ಸೇರುವುದಾದರೆ ಎಲ್ಲಿಗೆ ಹೋಗುತ್ತದೆ, ಎಷ್ಟು ಕಾಲ ಇರುತ್ತದೆ ಎಂದು ಕೊಳ್ಳುವ ಮೊದಲೇ ಗಟ್ಟಿಯಾಗಿ ಕೇಳಬೇಕು.

ಕಿವುಡರ ಸನ್ನೆಭಾಷೆಯ ವಿಷಯದಲ್ಲಂತೂ ಈ ಕ್ಷೇತ್ರ ಸ್ವಲ್ಪ ತಗ್ಗಿ ನಡೆಯಬೇಕು. 2016ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಅಮೆರಿಕದ ಸನ್ನೆಭಾಷೆಯನ್ನು ಮಾತಾಗಿಸುವ ಕೈಗವಸು ಮಾಡಿ ಬಹುಮಾನ ಪಡೆದರು. ಕಿವುಡರೂ ಭಾಷಾವಿಜ್ಞಾನಿಗಳೂ ಎತ್ತಿದ ಆಕ್ಷೇಪ ನ್ಯಾಯವಾದದ್ದು: ಸನ್ನೆಭಾಷೆಯ ವ್ಯಾಕರಣ ಹುಬ್ಬಿನಲ್ಲಿದೆ, ತುಟಿಯಲ್ಲಿದೆ, ಭುಜದ ಓಲಿಕೆಯಲ್ಲಿದೆ, ಗವಸಿಗೆ ಅದೆಲ್ಲ ಕಾಣುವುದಿಲ್ಲ. ನಮ್ಮ ಭಾರತೀಯ ಸನ್ನೆಭಾಷೆಯಲ್ಲಿ ಅಕ್ಷರಗಳನ್ನು ಹೆಚ್ಚಾಗಿ ಎರಡೂ ಕೈ ಸೇರಿಸಿ ತೋರಿಸುತ್ತಾರೆ. ಒಂದು ಕೈ ಇನ್ನೊಂದನ್ನು ಮರೆಮಾಡುವುದರಿಂದ ಕ್ಯಾಮೆರಾ ಇಲ್ಲಿಯೇ ಹೆಚ್ಚು ಎಡವುತ್ತದೆ.

ಗಾಳಿಯ ಸನ್ನೆಗೆ ನಿಜಕ್ಕೂ ತಕ್ಕ ಜಾಗ ಇಲ್ಲವೆಂದಲ್ಲ. ಶಸ್ತ್ರಚಿಕಿತ್ಸೆಯ ಕೋಣೆ ಅಂಥದ್ದು. ರಕ್ತ ಮೆತ್ತಿದ ಗವಸಿನಲ್ಲಿ ಮೌಸ್ ಮುಟ್ಟುವಂತಿಲ್ಲ, ಮುಟ್ಟಿದರೆ ಮತ್ತೆ ಕೈತೊಳೆದು ಬರಬೇಕು. ದೇಹದ ಚಲನೆ ಗುರುತಿಸುವ ಮೈಕ್ರೋಸಾಫ್ಟಿನ ಕೈನೆಕ್ಟ್ ಸಾಧನ ಬಂದ ಹೊಸದರಲ್ಲೇ ಟೊರಾಂಟೊದ ಸನ್ನಿಬ್ರೂಕ್ ಆಸ್ಪತ್ರೆಯ ವೈದ್ಯರು ಅದರಿಂದ ಸ್ಕ್ಯಾನ್ ಚಿತ್ರಗಳನ್ನು ದೂರದಿಂದಲೇ ಸರಿಸಿ ನೋಡಿದರು. ಅರ್ಧ ನಿಮಿಷದ ಕೆಲಸ, ತೋಳು ದಣಿಯುವ ಮಾತಿಲ್ಲ, ಮುಟ್ಟದಿರುವುದೇ ಅಲ್ಲಿ ಬೇಕಾದದ್ದು.

ಇಂದು ಈ ವಿದ್ಯೆ ಎಲ್ಲರ ಕೈಗೆಟಕಿದೆ. ಗೂಗಲ್ 2019ರಲ್ಲಿ ಉಚಿತವಾಗಿ ಬಿಟ್ಟ ಮೀಡಿಯಾಪೈಪ್ ತಂತ್ರಾಂಶ ಸಾಧಾರಣ ವೆಬ್‌ಕ್ಯಾಮಿನಿಂದಲೇ ಕೈಯ 21 ಬಿಂದುಗಳನ್ನು ಗುರುತಿಸುತ್ತದೆ: ಮಣಿಕಟ್ಟಿಗೆ ಒಂದು, ಪ್ರತಿ ಬೆರಳಿಗೂ ನಾಲ್ಕು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ಪ್ರಾಜೆಕ್ಟ್‌ಗಳಲ್ಲಿ ‘ವರ್ಚುವಲ್ ಮೌಸ್’ ಮತ್ತೆ ಮತ್ತೆ ಕಾಣುವುದು ಅದರಿಂದಲೇ. ಮಕ್ಕಳ ಉತ್ಸಾಹ ನನಗೆ ಇಷ್ಟ, ಆದರೆ ವರದಿಗಳಲ್ಲಿ ಎಂಥದೋ ಕೊರತೆ. ನಿಖರತೆ ಶೇಕಡಾ ಇಷ್ಟು ಎಂದು ಬರೆದು ಮುಗಿಸುತ್ತಾರೆ. ಯಾರನ್ನಾದರೂ ಅದರ ಮುಂದೆ ಅರ್ಧ ಗಂಟೆ ಕೂರಿಸಿ ಒಂದು ಅರ್ಜಿ ತುಂಬಿಸಿದ್ದರೆ ತೋಳು ಏನನ್ನುತ್ತದೆ ಎಂದು ಗೊತ್ತಾಗುತ್ತಿತ್ತು.

ಯಾರ ಕೈಯನ್ನು ಕೂರಿಸುತ್ತೇವೆ ಎಂಬುದೂ ಮುಖ್ಯ. ಮೀಡಿಯಾಪೈಪ್ ಕೈ ಕಂಡ ಕೂಡಲೇ 21 ಬಿಂದುಗಳನ್ನು ಕೊಟ್ಟೇ ತೀರುತ್ತದೆ. ಕಬ್ಬು ಅರೆಯುವ ಗಾಣಕ್ಕೆ ಬೆರಳು ಕೊಟ್ಟವರ, ಕುಷ್ಠದಿಂದ ಬೆರಳು ಕಳೆದುಕೊಂಡವರ ಕೈ ಇಟ್ಟರೂ ಅಷ್ಟೇ ಬಿಂದು. ಇಲ್ಲದ ಬೆರಳಿನ ಜಾಗಕ್ಕೂ ಒಂದು ಊಹೆ ಹಾಕಿ ಗೆರೆ ಎಳೆಯುತ್ತದೆ. ಸಂಧಿವಾತದಿಂದ ಗೆಣ್ಣು ಬಿಗಿದವರಿಗೆ ಎರಡು ಬೆರಳು ತುದಿ ಕೂಡಿಸುವುದೇ ಕಷ್ಟ, ಪಾರ್ಕಿನ್‌ಸನ್ ಇದ್ದವರ ಬೆರಳು ತಾನಾಗಿಯೇ ಕೂಡಿ ಬಿಡುತ್ತಿರುತ್ತದೆ. ವಿಷನ್ ಪ್ರೊದಲ್ಲಿ ಕಣ್ಣಿನ ಬದಲು ತಲೆಯಿಂದಲೋ ಮಣಿಕಟ್ಟಿನಿಂದಲೋ ಗುರಿ ತೋರಿಸಲು, ಬೆರಳು ಕೂಡಿಸದೆ ಒಂದೆಡೆ ದೃಷ್ಟಿ ನಿಲ್ಲಿಸಿಯೇ ಒಪ್ಪಿಗೆ ಕೊಡಲು ಅವಕಾಶ ಮಾಡಿದ್ದಾರೆ. ಅದು ಸೆಟ್ಟಿಂಗ್ಸ್ ಒಳಗೆ ಎಲ್ಲೋ ಇದೆ. ಸಾಧನವನ್ನು ಮೊದಲ ಸಲ ಹಾಕಿಕೊಂಡಾಗ ಕೈ ತೋರಿಸು ಎಂದು ಕೇಳುತ್ತಾರಲ್ಲ, ಆಗಲೇ ಈ ದಾರಿಗಳನ್ನೂ ಮುಂದಿಡಬೇಕು. ನಮ್ಮ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳೂ ಪರೀಕ್ಷೆಗೆ ಮೊದಲು ಕರೆಯಬೇಕಾದದ್ದು ಇಂಥ ಕೈಗಳವರನ್ನು.