ಮುಗಿಲ ನೀರು, ಕೊಳವೆಬಾವಿ ನೀರು

ಆರಿದ್ರಾ ಮಳೆ ಹಿಡಿಯಿತೆಂದರೆ ಕಿತ್ತೂರು ಕೋಟೆಗೆ ಹೋಗುವವರು ಕಡಿಮೆಯಾಗುತ್ತಾರೆ. ಹೋದವರೂ ವಸ್ತುಸಂಗ್ರಹಾಲಯದ ಕತ್ತಿ ಗುರಾಣಿ ನೋಡಿ, ಹೊರಗೆ ತೋಟದಲ್ಲಿ ನಿಂತ ಶಿಲ್ಪದ ಕಲ್ಲುಗಳತ್ತ ತಿರುಗದೆ ಛತ್ರಿ ಬಿಚ್ಚುತ್ತಾರೆ. ಶಿಲ್ಪ ನೋಡಬೇಕಾದದ್ದು ಇಂಥ ದಿನವೇ ಎಂದು ಈ ಅಂಕಣ ಹಿಂದೆಯೂ ವಾದಿಸಿದೆ. ನಡುಹಗಲ ಬಿಸಿಲಿಗೆ ಮೂರ್ತಿಯ ಹುಬ್ಬಿನ ಕೆಳಗೆ ಕಣ್ಣೇ ಕಾಣದಷ್ಟು ನೆರಳು ಬೀಳುತ್ತದೆ. ಮೋಡ ಕವಿದಾಗ ಬೆಳಕು ಎಲ್ಲ ಕಡೆಯಿಂದ ಬಂದು ಮುಖ ಬಿಡಿಸಿಕೊಳ್ಳುತ್ತದೆ. ಕಲ್ಲಿನ ಮೈಯ ಸಣ್ಣ ರಂಧ್ರ, ಗೀರುಗಳಲ್ಲಿ ನೀರು ತುಂಬಿದರೆ ಬೆಳಕು ಚದುರುವುದು ತಗ್ಗಿ, ಬೂದಿಬಣ್ಣದ ಕಲ್ಲು ತನ್ನ ನಿಜವಾದ ಕಪ್ಪಿಗೆ ಮರಳುತ್ತದೆ. ಶಾಸನ ಓದುವವರು ಒಪ್ಪುವುದಿಲ್ಲ: ಅಕ್ಷರಕ್ಕೆ ಓರೆ ಬಿಸಿಲೇ ಬೇಕು. ಅವರ ಮಾತು ಸರಿ. ಅಕ್ಷರಕ್ಕೆ ಬೆಳಗಿನ ಬಿಸಿಲಿರಲಿ, ಮುಖಕ್ಕೆ ಮೋಡವಿರಲಿ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಮಳೆ ಕಲ್ಲನ್ನು ತಿನ್ನುತ್ತದೆ, ಆದ್ದರಿಂದ ಎಲ್ಲವನ್ನೂ ಒಳಗೆ ಸಾಗಿಸಬೇಕು. ಇಲ್ಲಿ ಯಾವ ಕಲ್ಲು ಎಂದು ಕೇಳದೆ ಉತ್ತರಿಸುವಂತಿಲ್ಲ. ಸವದತ್ತಿ, ರಾಮದುರ್ಗದ ಕಡೆ ಸಿಗುವುದು ಮರಳುಗಲ್ಲು. ಅದರ ಕಣಗಳ ನಡುವೆ ನೀರಿಗೆ ದಾರಿಯಿದೆ. ಬಳಪದ ಕಲ್ಲು ಕೆತ್ತಲು ಮೆತ್ತಗೆ, ಆದರೆ ದಟ್ಟ. ನೀರು ಹೀರುವುದು ಕಡಿಮೆ. 1050ರ ಅಣ್ಣಿಗೇರಿಯ ಅಮೃತೇಶ್ವರ ಗುಡಿಯನ್ನು ಪುರಾತತ್ವಜ್ಞ ಹೆನ್ರಿ ಕಸಿನ್ಸ್ 1926ರ ತಮ್ಮ ಗ್ರಂಥದಲ್ಲಿ ಈ ಬಳಪದ ಕಲ್ಲಿನ ಆರಂಭದ ಗುಡಿಯೆಂದು ಗುರುತಿಸಿದರು. ಅಂದಿನಿಂದ ಶಿಲ್ಪಿಯ ಉಳಿ ಆಭರಣದ ಮಣಿಯನ್ನೂ ಬಿಡಿಸತೊಡಗಿತು. ಜೊತೆಗೆ, ಮಳೆಗೆ ಏನು ಮಾಡಬೇಕೆಂಬುದನ್ನು ಕಲ್ಲನ್ನು ಕಡೆದವರೇ ತೀರ್ಮಾನಿಸಿದ್ದರು. ವೀರಗಲ್ಲನ್ನು ಕಡೆದದ್ದೇ ಬಯಲಿನಲ್ಲಿ ನಿಲ್ಲಿಸಲು. ಕೆಳಗೆ ಕಾದಾಟ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಇಷ್ಟನ್ನೂ ಮಳೆಬಿಸಿಲಿಗೆ ಒಪ್ಪಿಸಿಯೇ ಕೆತ್ತಿದ್ದಾರೆ. ಗರ್ಭಗುಡಿಯ ಮೂರ್ತಿಗೆ ಮಾತ್ರ ಮಂಟಪ, ಇಳಿಜಾರಿನ ಚಾಚು, ಎತ್ತರದ ಜಗತಿ ಎಲ್ಲವೂ ಬೇಕಾಗಿದ್ದವು. ಕಿತ್ತೂರಿಗೆ ಹತ್ತಿರದ ದೇಗಾವಿಯಲ್ಲಿ ಗೋವೆಯ ಕದಂಬರ ರಾಣಿ ಕಮಲಾದೇವಿ 12ನೇ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ಗುಡಿಯನ್ನು ನೋಡಿದವರಿಗೆ ಈ ವ್ಯತ್ಯಾಸ ಗೊತ್ತು.

ಬಣ್ಣ ಬಳಿದ ಸಿಮೆಂಟ್ ಶಿಲ್ಪಗಳ ತೋಟಗಳ ಬಗ್ಗೆಯೂ ಒಂದು ಮಾತು. ಶಿಗ್ಗಾವಿ ಬಳಿಯ ಗೊಟಗೋಡಿಯಲ್ಲಿ ಕಲಾವಿದ ಸೊಲಬಕ್ಕನವರ ಅವರು ಹಳ್ಳಿಯ ಬದುಕನ್ನು ಸಿಮೆಂಟಿನಲ್ಲಿ ನಿಲ್ಲಿಸಿದ್ದು ದೊಡ್ಡ ಕೆಲಸ. ಮಕ್ಕಳಿಗೆ ಕಥೆ ಹೇಳಲು ಆ ಮಾಧ್ಯಮ ಬೇಕು. ನನ್ನ ತಕರಾರು ಬಣ್ಣ ಬಳಿಯುವ ಆ ರುಚಿ ಹಳೆಯ ಕಲ್ಲಿಗೂ ಹತ್ತುವುದರ ಬಗ್ಗೆ. ಊರಬಾಗಿಲ ವೀರಗಲ್ಲಿಗೆ ಆಯಿಲ್ ಪೇಂಟ್ ಬಳಿದರೆ ಅದಕ್ಕೆ ಮಳೆಯಿಂದ ರಕ್ಷಣೆ ಸಿಗುವುದಿಲ್ಲ. ನೆಲದಿಂದ ಏರಿದ ತೇವ ಹೊರಬರಲು ದಾರಿಯಿಲ್ಲದೆ, ಬಣ್ಣದ ಪದರಿನ ಹಿಂದೆ ಕಲ್ಲಿನ ಹೊಪ್ಪಳಿಕೆ ಏಳುತ್ತದೆ.

ತೇವದ ಮಾತು ಬಂದಮೇಲೆ ಬೆಳಕಿನ ವಾದವನ್ನು ಇಲ್ಲಿಗೇ ಬಿಡುತ್ತೇನೆ, ಏಕೆಂದರೆ ತೋಟದಲ್ಲಿ ನಿಂತ ಕಲ್ಲಿಗೆ ದೊಡ್ಡ ಅಪಾಯ ಮುಗಿಲಿಗಿಂತ ಹೆಚ್ಚಾಗಿ ಕೆಳಗಿನಿಂದ ಬರುತ್ತದೆ. ಮಳೆನೀರಿನಲ್ಲಿ ಉಪ್ಪು ತೀರ ಕಡಿಮೆ. ಅದು ತೊಳೆದು ಹರಿದುಹೋಗುತ್ತದೆ. ಹುಲ್ಲುಹಾಸಿಗೆ ಬೇಸಿಗೆಯುದ್ದಕ್ಕೂ ಚಿಮುಕಿಸುವ ಕೊಳವೆಬಾವಿಯ ಗಡಸು ನೀರು ಹಾಗಲ್ಲ. ಬುಡದಿಂದ ಕಲ್ಲಿನೊಳಗೆ ಏರಿ, ಬಿಸಿಲಿಗೆ ಆರಿ, ಉಪ್ಪನ್ನು ಒಳಗೇ ಬಿಟ್ಟುಹೋಗುತ್ತದೆ. ಉಪ್ಪು ಹರಳುಗಟ್ಟುವಾಗ ಹಿಗ್ಗಿ ಕಲ್ಲಿನ ಮೈಯನ್ನು ಪುಡಿ ಮಾಡುತ್ತದೆ. ಮೂರ್ತಿ ಬೀಳದಿರಲೆಂದು ಬುಡಕ್ಕೆ ಹಾಕುವ ಸಿಮೆಂಟೂ ತನ್ನ ಪಾಲಿನ ಉಪ್ಪನ್ನು ಕೊಡುತ್ತದೆ. ಹುಲ್ಲಿಲ್ಲದಿದ್ದರೆ ತೋಟಕ್ಕೇನು ಅಂದ ಎನ್ನುವವರಿದ್ದಾರೆ. ಹುಲ್ಲಿರಲಿ, ಕಲ್ಲಿನಿಂದ ನಾಲ್ಕು ಮಾರು ದೂರ ಇರಲಿ. ಬುಡಕ್ಕೆ ಗರಸು ಹಾಸಿ, ಕಲ್ಲಿಗೂ ಪೀಠಕ್ಕೂ ನಡುವೆ ಸೀಸದ ತಗಡು ಇಡಲಿ. ಬಯಲಿಗೆಂದೇ ಹುಟ್ಟಿದ ವೀರಗಲ್ಲು ಬಯಲಲ್ಲೇ ನಿಲ್ಲಲಿ; ಗರ್ಭಗುಡಿಯಿಂದ ಬಂದ ಮೂರ್ತಿ ಮತ್ತು ಮರಳುಗಲ್ಲಿನ ಕೆತ್ತನೆಗೆ ಸೂರು ಸಿಗಲಿ.

ಯಾವ ಕಲ್ಲಿಗೆ ಯಾವ ಗತಿ ಎಂದು ತಿಳಿಯಲು ಪ್ರಯೋಗಾಲಯವೇ ಬೇಕೆಂದಿಲ್ಲ. ಮಳೆ ಹೊರಪಾದ ಎರಡನೆಯ ದಿನ ನೋಡಿದರೆ ಸಾಕು. ನೆತ್ತಿ, ಎದೆ ಆರಿ, ಮೊಣಕಾಲಿನ ಕೆಳಗೆ ಮಾತ್ರ ಗೆರೆ ಎಳೆದಂತೆ ಕಪ್ಪು ತೇವ ಉಳಿದು, ಆ ಗೆರೆಯ ಅಂಚಿನಲ್ಲಿ ಬೆಳ್ಳನೆಯ ಪುಡಿ ಕಂಡರೆ, ಆ ಕಲ್ಲು ನೆಲದಿಂದ ನೀರು ಕುಡಿಯುತ್ತಿದೆ.